ಡ್ರಮ್ಮಿನ ನೀರು

“ಟೆಸ್ಟಿಂಗ್ ರೂಮಿನ ಫಿಲ್ಟರ್ ನೀರು ಬೇಕಂತೆ ಇವಳಿಗೆ! ಮೊದ್ಲು ಮನೆ ಗಲೀಜು ತೊಳ್ಕೊಳೇ, ಮುಂಡೆ. ಕಲ್ಲು ತಿಂದ್ರೂ ಕರಗಿಸೋ ಹೊಟ್ಟೆಗಳು ನಿಮ್ಮವು.”

ಮೇಸ್ತ್ರಿ ಹಾಗಂದರೂ ದೊಡ್ಡಮ್ಮ ಚೊಂಬು ಹಿಡಿದು ನಿಂತೇ ಇದ್ದಳು. ಅವಳ ಸೊಸೆ ಮೂರು ದಿನದಿಂದ ವಾಂತಿಭೇದಿಯಾಗಿ ಕಾರ್ಖಾನೆಯ ಹಿಂದೆ ನಾವಿರುವ ಶೆಡ್ಡಿನಲ್ಲಿ ಬಿದ್ದಿದ್ದಳು. ಕೊಟ್ಟ ನೀರೆಲ್ಲ ಕಕ್ಕುತ್ತಿದ್ದಳು.

“ಒಂದು ಚೊಂಬು ಸಾಕು ಕಣಪ್ಪ.”

“ಡ್ರಮ್ಮಲ್ಲಿ ತುಂಬಿದೆಯಲ್ಲ, ಮುಳುಗಿಸ್ಕೊ ಹೋಗು!”

ದೊಡ್ಡಮ್ಮ ಬಂದು ನಮ್ಮ ಪಕ್ಕ ಕೂತಳು. ಇದ್ದಿಲ ಹರಳನ್ನು ಬೆಳ್ಳಿ ಬೆರೆಸಿದ ನೀರಿನಲ್ಲಿ ನೆನೆಸಿ ತಟ್ಟೆಗಳಲ್ಲಿ ಹರವುವುದು ನಮ್ಮ ಕೆಲಸ. ಒಣಗಿದ ಮೇಲೆ ಅದು ಫಿಲ್ಟರಿನೊಳಗೆ ಹೋಗುತ್ತದೆ. ನೀರಿನ ಕ್ರಿಮಿಗಳು ಅದನ್ನು ಮುಟ್ಟಿ ಸಾಯುತ್ತವಂತೆ. ನಾವು ಮುಟ್ಟಿದರೆ ಕೈ ಕಪ್ಪಾಗುತ್ತದೆ, ಅಷ್ಟೆ.

ಮಧ್ಯಾಹ್ನ ಮಾಲು ಕೊಳ್ಳುವವರು ಕಾರಿನಲ್ಲಿ ಬಂದರು. ಯಜಮಾನರು ಮೈಯೆಲ್ಲ ನಗುವಾಗಿ ಕೂಗಿದರು: “ಹೊಲಸು ನೀರು ತಾರೋ! ಎಷ್ಟು ಹೊಲಸೋ ಅಷ್ಟು ಒಳ್ಳೇದು.”

ಮೇಸ್ತ್ರಿ ಹೆಚ್ಚು ದೂರ ಹೋಗಲಿಲ್ಲ. ನಮ್ಮ ಡ್ರಮ್ಮಿಗೇ ಮಗ್ ಅದ್ದಿದ.

ಹರಳಿನ ತಟ್ಟೆ ತೋರಿಸಲು ದೊಡ್ಡಮ್ಮನನ್ನು ಟೆಸ್ಟಿಂಗ್ ರೂಮಿಗೆ ಕರೆದಿದ್ದರು. ನಾವು ಬಾಗಿಲಲ್ಲಿ ಇಣುಕಿದೆವು. ಆ ನೀರಿನದೊಂದು ಹನಿ ಮೈಕ್ರೋಸ್ಕೋಪಿನ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತಿತ್ತು. ಅದರ ತುಂಬ ಏನೇನೋ ಮಿಜಿಮಿಜಿ.

“ನೋಡಿ ಸಾರ್, ನಾಯಿಗೂ ಇಡಬಾರದು ಇದನ್ನ. ಕುಡಿದವರು ನೇರ ಸ್ಮಶಾನಕ್ಕೆ!” ಯಜಮಾನರು ಉಳಿದದ್ದನ್ನು ಫಿಲ್ಟರಿಗೆ ಸುರಿದರು. ಕೆಳಗಿನ ಗಾಜಿನ ಜಾಡಿಯಲ್ಲಿ ನೀರು ತಿಳಿಯಾಗಿ ಇಳಿಯಿತು.

ಬಂದವರಲ್ಲೊಬ್ಬ ಮೂಗಿಗೆ ಕರ್ಚೀಫು ಹಿಡಿದ. “ಎಲ್ಲಿ ಸಿಕ್ತು ಮಾರಾಯ್ರೆ, ಇಂಥಾ ನೀರು?”

“ಯಾವುದೋ ಚರಂಡಿದು.”

“ಚರಂಡಿದಲ್ಲ ಸಾಮಿ,” ದೊಡ್ಡಮ್ಮ ಅಂದಳು. “ನಾವು ಕುಡಿಯೋ ಡ್ರಮ್ಮಿಂದು. ದಿನಾ ಕುಡೀತೀವಿ.”

ಯಜಮಾನರು ಕೆಮ್ಮಿದರು. “ಮುದುಕಿಗೆ ತಲೆ ನೆಟ್ಟಗಿಲ್ಲ.”

ದೊಡ್ಡಮ್ಮ ತಟ್ಟೆ ಕೆಳಗಿಟ್ಟು ಜಾಡಿ ಎತ್ತಿಕೊಂಡಳು.

“ಇಡೇ ಅದನ್ನ! ನಾಳೆಯಿಂದ ಗೇಟೊಳಗೆ ಕಾಲಿಟ್ರೆ ನೋಡು!” ಯಜಮಾನರು ಗದರಿದರು.

“ಇಡಲ್ಲ ಹೋಗೋ. ನಿನ್ನ ಗೇಟು ನೀನೇ ಕಟ್ಕೊಂಡು ಸಾಯಿ.”

ಮೇಸ್ತ್ರಿ ಅವಳ ಹಿಂದೆ ಓಡಿ ಬಂದ. ನಾವು ಅವಳಿಗೆ ದಾರಿ ಬಿಟ್ಟು, ಅವನಿಗೆ ಅಡ್ಡ ನಿಂತೆವು. ಅವನು ಎತ್ತಿದ ಕೈ ಹಾಗೇ ಇಳಿಯಿತು.

ಶೆಡ್ಡಿನಲ್ಲಿ ಸೊಸೆಯ ಕಣ್ಣು ಗುಳಿ ಬಿದ್ದಿತ್ತು. ತುಟಿಗೆ ಇಟ್ಟ ಮೊದಲ ಚಮಚ ನೀರು ಕಟಬಾಯಿಂದ ಹೊರಗೇ ಹರಿಯಿತು.

“ನುಂಗೇ, ಹಾಳಾದೋಳೇ, ನುಂಗೇ,” ಎಂದು ಬೈಯುತ್ತ ದೊಡ್ಡಮ್ಮ ಇನ್ನೊಂದು ಚಮಚ ತುಂಬಿದಳು.