ಒಂದೂವರೆ ಮಿಲಿಮೀಟರ್

ಪಿಸ್ಟನ್ ಮೇಲೇರಿ ತುದಿ ಮುಟ್ಟಿದಾಗ ಸಿಲಿಂಡರಿನ ಅಂಚಿಗೆ ಸಮನಾಗಿ ನಿಲ್ಲಬೇಕು ಎಂದು ತಯಾರಕರ ಕೈಪಿಡಿ ಹೇಳುತ್ತದೆ. ಮಾವನ ಗ್ಯಾರೇಜಿನಲ್ಲಿ ನಮ್ಮ ಹಳೆಯ ಬೈಕು ‘ಏಡಿ’ಯ ಎಂಜಿನ್ ಬಿಚ್ಚಿ ನಾನು ಅಳೆದಾಗ ಅದು ಒಂದೂವರೆ ಮಿಲಿಮೀಟರ್ ಕೆಳಗೇ ನಿಂತಿತ್ತು. ಮೊದಲು ನನ್ನ ಕಣ್ಣಿನ ಮೇಲೆ ಸಂಶಯ ಬಂತು, ಆಮೇಲೆ ಅಳತೆಯ ಸಾಧನ ವರ್ನಿಯರಿನ ಮೇಲೆ. ಅದರ ದವಡೆ ಒರೆಸಿ, ಸೊನ್ನೆ ಸರಿಯಿದೆಯೆಂದು ಖಚಿತಪಡಿಸಿಕೊಂಡು, ನಾಲ್ಕು ಕಡೆ ಮತ್ತೆ ಅಳೆದೆ. ನಾಲ್ಕು ಕಡೆಯೂ ಒಂದೂವರೆ.

"ಏನಮ್ಮ ವಿಜ್ಞಾನಿ, ಮುಖ ಯಾಕೆ ಹಾಗಾಯ್ತು?" ಎಂದರು ಸ್ಟೂಲಿನ ಮೇಲೆ ಕೂತಿದ್ದ ಮಾವ. ಅವರ ಕೈ ಈಗ ನಡುಗುತ್ತದೆ. ಆದ್ದರಿಂದ ಈ ಕೆಲಸದಲ್ಲಿ ಕೈ ನನ್ನದು, ಕಿವಿ ಮಾತ್ರ ಅವರದು ಎಂದು ನಾವು ಮೊದಲೇ ಒಪ್ಪಿಕೊಂಡಿದ್ದೆವು.

ಏಡಿ ಎಂದರೆ ನಾಲ್ಕು ದಪ್ಪ ಚಕ್ರಗಳ ಕೆಂಪು ಕ್ವಾಡ್ ಬೈಕು. ಗುಜರಿಯಿಂದ ತಂದು ಮಾವ ಅದಕ್ಕೆ ಜೀವ ಕೊಟ್ಟಾಗ ನನಗೆ ಹದಿಮೂರು ವರ್ಷ. ಹಳೆಯ ಕಲ್ಲುಗಣಿಯ ಪಕ್ಕದಲ್ಲಿ ಎತ್ತರದ ಮರಳುದಿಬ್ಬವಿತ್ತು. ಮೂರು ವರ್ಷ, ಪ್ರತಿ ಭಾನುವಾರ, ನಾನು ಏಡಿಯನ್ನು ಅದರ ಮೇಲೆ ಹತ್ತಿಸಲು ಹೋಗುತ್ತಿದ್ದೆ. ಪ್ರತಿ ಭಾನುವಾರವೂ ತುದಿಗೆ ಎಂಟು ಹೆಜ್ಜೆ ಉಳಿದಿರುವಾಗ ಎಂಜಿನ್ ಗೊರಗೊರ ಎಂದು ಉಸಿರು ಬಿಡುತ್ತಿತ್ತು. ಹಿಂದಿನ ಚಕ್ರಗಳು ಮರಳಿನಲ್ಲಿ ಹೂತುಹೋಗುತ್ತಿದ್ದವು, ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ ಥ್ರಾಟಲ್ಲನ್ನು ನಾನು ಬಿಟ್ಟುಬಿಡುತ್ತಿದ್ದೆ.

ನಾನು ಸುಮ್ಮನಾಗಲಿಲ್ಲ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಾರೀಖು, ಚಕ್ರದ ಗಾಳಿ, ನನ್ನ ತೂಕ, ಮರಳಿನ ತೇವ ಬರೆಯತೊಡಗಿದೆ. ತೇವ ತಿಳಿಯಲು ಮರಳನ್ನು ತೂಗಿ, ಅತ್ತೆಯ ಬಾಣಲೆಯಲ್ಲಿ ಹುರಿದು, ಮತ್ತೆ ತೂಗುತ್ತಿದ್ದೆ. ಬಾಣಲೆಯನ್ನು ಅಡುಗೆಮನೆಯಿಂದ ಕದ್ದು ತಂದುಕೊಡುತ್ತಿದ್ದವರು ಮಾವ. ತೇವವೇ ಕಾರಣ ಎಂಬ ನನ್ನ ಪ್ರಬಂಧಕ್ಕೆ ಶಾಲೆಯಲ್ಲಿ ಮೊದಲ ಬಹುಮಾನ ಬಂತು. ನಾನು ಮುಂದೆ ವಿಜ್ಞಾನ ಓದಿದ್ದೂ ಆ ನೋಟ್‌ಬುಕ್ಕಿನಿಂದಲೇ.

ಈಗ ದಿಬ್ಬಕ್ಕೆ ಉಳಿದಿರುವುದು ಒಂದೇ ಭಾನುವಾರ. ಸೋಮವಾರದಿಂದ ಹೊಸ ರಸ್ತೆಗಾಗಿ ಲಾರಿಗಳು ಅದನ್ನು ಹೊತ್ತೊಯ್ಯಲಿವೆ. ಒಮ್ಮೆಯಾದರೂ ಅದರ ತುದಿ ಮುಟ್ಟಬೇಕೆಂದೇ ನಾನು ರಜೆ ಹಾಕಿ, ದೊಡ್ಡ ಪಿಸ್ಟನ್ ತರಿಸಿ ಬಂದಿದ್ದೆ.

ನಟ್ಟು ಸಡಿಲಿಸಿ ಸಿಲಿಂಡರನ್ನು ಮೇಲೆತ್ತಿದೆ. ಅದರ ತಳದಲ್ಲಿ, ಎರಡು ಗ್ಯಾಸ್ಕೆಟ್‌ಗಳ ನಡುವೆ, ಕೈಯಿಂದ ಕತ್ತರಿಸಿ, ನಡುವೆ ಪಿಸ್ಟನ್ ಓಡಾಡುವಷ್ಟು ದೊಡ್ಡ ತೂತು ಕೊರೆದು, ಅರದಿಂದ ಉಜ್ಜಿದ ಅಲ್ಯೂಮಿನಿಯಂ ತಗಡೊಂದಿತ್ತು. ಅದು ಸಿಲಿಂಡರನ್ನು ಅಷ್ಟು ಮೇಲಕ್ಕೆ ಎತ್ತಿ ಹಿಡಿದಿತ್ತು. ಪೆಟ್ರೋಲು, ಗಾಳಿ ಸಾಕಷ್ಟು ಒತ್ತಡಕ್ಕೆ ಸಿಗದೆ ಎಂಜಿನ್ ಅಷ್ಟು ಶಕ್ತಿ ಕಳೆದುಕೊಂಡಿತ್ತು. ಮೂರು ವರ್ಷ ನಾನು ಎಲ್ಲವನ್ನೂ ಅಳೆದಿದ್ದೆ, ಮಾವನ ಕೈಕೆಲಸವೊಂದನ್ನು ಬಿಟ್ಟು.

"ಇದು ನಿಮ್ಮ ಅರದ ಗುರುತು," ಎಂದೆ.

ಮಾವ ತಗಡನ್ನು ನೋಡಿದರು, ನನ್ನನ್ನು ನೋಡಲಿಲ್ಲ. "ಹೌದು."

"ನಾನು ಮರಳು ಹುರಿಯೋದನ್ನ ನೋಡ್ತಾ ಕೂತಿದ್ರಲ್ಲ, ಮಾವ."

"ಚೆನ್ನಾಗಿ ಹುರೀತಿದ್ದೆ."

"ತಮಾಷೆ ಬೇಡ."

"ದಿಬ್ಬದ ಆಚೆ ಏನಿದೆ, ಹೇಳು."

"ಗಣಿಯ ಹೊಂಡ. ಗೊತ್ತಿತ್ತು ನನಗೆ. ತುದಿ ಕಂಡ ತಕ್ಷಣ ಬ್ರೇಕ್ ಹಾಕ್ತಿದ್ದೆ."

"ತುದಿ ಕಾಣೋ ಹೊತ್ತಿಗೆ ಮುಂದಿನ ಚಕ್ರ ಗಾಳೀಲಿರುತ್ತೆ, ಪುಟ್ಟಿ. ನಿನಗೆ ಕೊಡೋ ಮೊದಲು ನಾನೇ ಹತ್ತಿಸಿ ನೋಡಿದ್ದೆ. ಹೊಂಡಕ್ಕೆ ಮೂರು ಹೆಜ್ಜೆ ಉಳೀತು. ಮನೆಗೆ ಬಂದು ಎರಡು ಚೊಂಬು ನೀರು ಕುಡಿದೆ."

"ಬೇಡ ಅಂತ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಕೇಳೋ ಜಾತಿಯಾ ನೀನು? ನಿಮ್ಮಮ್ಮನ ಮಗಳು."

ಅಷ್ಟರಲ್ಲಿ ಅತ್ತೆ ಚಹಾ ಹಿಡಿದು ಬಂದರು. ಮೇಜಿನ ಮೇಲಿನ ತಗಡನ್ನು ಎತ್ತಿ ತಿರುಗಿಸಿ ನೋಡಿದರು. ಒಂದು ಅಂಚಿನಲ್ಲಿ ಹಿಡಿ ಕಿತ್ತ ಎರಡು ತೂತುಗಳಿದ್ದವು.

"ಇದು ನನ್ನ ದೊಡ್ಡ ಪಾತ್ರೆ ಮುಚ್ಚಳ," ಎಂದರು ಅವರು ತಣ್ಣಗೆ. "ಪಕ್ಕದ ಮನೆಯವಳು ಒಯ್ದಿದ್ದಾಳೆ ಅಂತ ಹನ್ನೆರಡು ವರ್ಷದಿಂದ ಅವಳ ಜೊತೆ ಸರಿಯಾಗಿ ಮಾತಾಡಿಲ್ಲ ನಾನು."

"ಈಗ ಮಾತಾಡು," ಎಂದರು ಮಾವ.

"ಬಾಣಲೆ ಇವಳು, ಮುಚ್ಚಳ ನೀವು. ಒಲೆ ಒಂದನ್ನ ಯಾಕೆ ಬಿಟ್ರಿ?"

ನನಗೆ ನಗು ಬಂತು. ಆದರೆ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಲೇತ್ ಅಂಗಡಿಯವನು ಸಿಲಿಂಡರನ್ನು ಹೊಸ ಪಿಸ್ಟನ್ನಿನ ಅಳತೆಗೆ ಕೊರೆದು ಕೊಡುವವರೆಗೆ, ಎರಡು ದಿನ, ನಾನು ಮಾವನ ಜೊತೆ ಸ್ಪ್ಯಾನರಿನ ನಂಬರು ಬಿಟ್ಟು ಬೇರೇನೂ ಮಾತಾಡಲಿಲ್ಲ.

ಶುಕ್ರವಾರ ಜೋಡಣೆಗೆ ಕೂತೆ. ಹೊಸ ಗ್ಯಾಸ್ಕೆಟ್ ಇಟ್ಟೆ. ತಗಡು ಮೇಜಿನ ಮೇಲೆಯೇ ಇತ್ತು. ದೊಡ್ಡ ಪಿಸ್ಟನ್ ಬಂದ ಮೇಲೆ ಏಡಿಯ ಶಕ್ತಿ ಹಿಂದೆಂದಿಗಿಂತ ಹೆಚ್ಚು, ಹೊಂಡ ಮಾತ್ರ ಇದ್ದಲ್ಲೇ ಇದೆ. ಸಿಲಿಂಡರನ್ನು ಕೈಯಲ್ಲಿ ಹಿಡಿದು ನಾನು ಕಾದೆ. ಮಾವ ತಗಡನ್ನೂ ಹಾಕು ಎಂದಿದ್ದರೆ ಹಾಕುತ್ತಿದ್ದೆನೋ ಏನೋ, ಇಂದಿಗೂ ಖಚಿತವಾಗಿ ಹೇಳಲಾರೆ. ಮಾವ ಸ್ಟೂಲಿನಿಂದ ಎದ್ದು ಬಂದು, ನಡುಗುವ ಬೆರಳುಗಳಿಂದ ತಗಡನ್ನು ಎತ್ತಿ, ಅಂಗಿಯ ಜೇಬಿಗೆ ಹಾಕಿಕೊಂಡರು.

"ಕಾರ್ಬುರೇಟರಿಗೆ ಪೆಟ್ರೋಲು ಬಿಡೋ ಜೆಟ್ ದೊಡ್ಡದು ಹಾಕು. ಹೊಟ್ಟೆ ದೊಡ್ಡದಾದ್ರೆ ತುತ್ತೂ ದೊಡ್ಡದಾಗಬೇಕು," ಎಂದಷ್ಟೇ ಹೇಳಿದರು.

ಶನಿವಾರವಿಡೀ ಹೊಸ ಪಿಸ್ಟನ್ ಪಳಗಲೆಂದು ಅಂಗಳದಲ್ಲಿ ನಿಧಾನವಾಗಿ ಸುತ್ತಿದೆ. ಮಾವ ಕಣ್ಣು ಮುಚ್ಚಿ ಸದ್ದು ಕೇಳಿದರು. "ಗೊರಗೊರ ಹೋಯ್ತು," ಎಂದರು. ಅವರ ದನಿಯಲ್ಲಿ ಹೆಮ್ಮೆಯೂ ಇತ್ತು, ಯಾರನ್ನೋ ಕಳಿಸಿಕೊಟ್ಟ ಬೇಸರವೂ ಇತ್ತು.

ಭಾನುವಾರ ಬೆಳಿಗ್ಗೆ ದಿಬ್ಬದ ಬುಡದಲ್ಲಿ ಮಾವ, ಅತ್ತೆ ಇಬ್ಬರೂ ನಿಂತರು. ಗೇರು ಎರಡಕ್ಕೆ ಹಾಕಿ ಹೊರಟೆ. ಏಡಿ ನನ್ನನ್ನು ಹಿಂದಕ್ಕೆ ವಾಲಿಸುವಷ್ಟು ಜೋರಾಗಿ ನುಗ್ಗಿತು. ಈ ಇಳಿಜಾರಿನ ಒಂದೊಂದು ಉಬ್ಬನ್ನೂ ನನ್ನ ಮೈ ಮರೆತಿರಲಿಲ್ಲ. ಎಡಗಡೆಯ ಬೂದು ಬಂಡೆ ದಾಟಿದ ಕೂಡಲೇ ಆ ಎಂಟು ಹೆಜ್ಜೆಯ ಜಾಗ ಬರುತ್ತದೆ. ಹಳೆಯ ಎಂಜಿನ್ ಅಲ್ಲಿ ಉಸಿರು ಬಿಡುತ್ತಿತ್ತು. ಹೊಸದಕ್ಕೆ ದಣಿವೇ ಇರಲಿಲ್ಲ. ಆದರೆ ಸರಿಯಾಗಿ ಅಲ್ಲೇ, ತುದಿ ಇನ್ನೂ ಕಾಣದಿರುವಾಗಲೇ, ನನ್ನ ಹೆಬ್ಬೆರಳು ತಾನಾಗಿಯೇ ಥ್ರಾಟಲ್ ಬಿಟ್ಟಿತು. ಮೂರು ವರ್ಷದ ಭಾನುವಾರಗಳ ರೂಢಿ ಅದು. ಉಳಿದ ಎಂಟು ಹೆಜ್ಜೆಯನ್ನು ಏಡಿ ತನ್ನ ವೇಗದಲ್ಲೇ ಹತ್ತಿ, ಬ್ರೇಕಿಗೆ ಬಗ್ಗಿ, ತುದಿಯ ಸಮತಟ್ಟಿನಲ್ಲಿ ನಿಂತಿತು.

ಎಂಜಿನ್ ಆರಿಸಿ ಇಳಿದೆ. ಮುಂದಿನ ಚಕ್ರದಿಂದ ಅಂಚಿನವರೆಗೆ ಹೆಜ್ಜೆ ಎಣಿಸುತ್ತ ನಡೆದೆ. ಕೆಳಗೆ, ಬಹಳ ಕೆಳಗೆ, ಹೊಂಡದಲ್ಲಿ ಹಸಿರು ನೀರು ಅಲುಗಾಡದೆ ನಿಂತಿತ್ತು. ನನ್ನ ಹದಿಮೂರು ವರ್ಷದ ಕೈಗಳು ಎಷ್ಟು ತೆಳ್ಳಗಿದ್ದವು ಎಂಬುದು ಆಗ ನೆನಪಾಯಿತು.

ಕೆಳಗಿಳಿದು ಬಂದಾಗ ಮಾವ ಜೇಬಿನ ಮೇಲೆ ಕೈ ಒತ್ತಿ ನಿಂತಿದ್ದರು.

"ಎಷ್ಟು ಉಳೀತು?" ಎಂದರು.

"ಹನ್ನೊಂದು ಹೆಜ್ಜೆ."

ಅವರು ಒಂದು ಕ್ಷಣ ಲೆಕ್ಕ ಹಾಕಿದರು. "ನನಗಿಂತ ಎಂಟು ಜಾಸ್ತಿ," ಎಂದು ಜೇಬಿನಿಂದ ತಗಡನ್ನು ತೆಗೆದು ಅತ್ತೆಗೆ ಕೊಟ್ಟರು. "ತಗೋ, ನಿನ್ನ ಮುಚ್ಚಳ."

ಅತ್ತೆ ಅದರ ನಡುವಿನ ದೊಡ್ಡ ತೂತಿನಿಂದ ದಿಬ್ಬವನ್ನು ಒಮ್ಮೆ ನೋಡಿ, ಬಳೆಯ ಹಾಗೆ ನನ್ನ ಕೈಗೆ ಹಾಕಿದರು.