ಲಾಂದ್ರಪ್ಪನ ದೋಣಿ

ಸರೋವರದ ನಡುವಿನ ದ್ವೀಪವನ್ನು ಹುಟ್ಟು ಹಾಕುತ್ತ ಒಂದು ಸುತ್ತು ಬಂದು, ಹಿಂಬದಿಯ ಮರಳಿನಲ್ಲಿ ಡೇರೆ ಹೊಡೆದು ಒಂದು ರಾತ್ರಿ ಕಳೆಯಬೇಕೆಂದು ನಾನೂ ನನ್ನ ಗಂಡನೂ ಮಾತಾಡುತ್ತಲೇ ಮೂರು ವರ್ಷ ಕಳೆದಿತ್ತು. ಈ ಸಲ ಹೇಗೋ ಇಬ್ಬರಿಗೂ ರಜೆ ಸಿಕ್ಕಿತು. ಭಾನುವಾರ ಬೆಳಿಗ್ಗೆ ಗಂಡ ಬಾಲ್ಕನಿಯಲ್ಲಿ ಡೇರೆಯ ಗೂಟ ಎಣಿಸುತ್ತಿದ್ದ. ನಾನು ಊಟದ ಮೇಜಿನ ಮೇಲೆ ನಕಾಶೆ ಹರಡಿ ಅಪ್ಪನನ್ನು ಎದುರಿಗೆ ಕೂರಿಸಿಕೊಂಡಿದ್ದೆ. ಇಪ್ಪತ್ತಾರು ವರ್ಷ ಆ ದ್ವೀಪಕ್ಕೆ ಲಾಂಚು ಓಡಿಸಿದ ಮನುಷ್ಯ. ಅವರನ್ನು ಬಿಟ್ಟು ಬೇರೆ ಯಾರನ್ನು ಕೇಳಲಿ?

ದ್ವೀಪವೋ, ದಿನಬೆಳಗಾದರೆ ಜಾತ್ರೆ. ಇಪ್ಪತ್ತು ನಿಮಿಷಕ್ಕೊಂದು ಲಾಂಚು, ನಡುನಡುವೆ ಮೈಮೇಲೆ ಬರುವ ಮೋಟಾರು ದೋಣಿಗಳು. ಎಲ್ಲಿ ಅಲೆ ಹೆಚ್ಚು, ಎಲ್ಲಿ ದಡ ಬಿಡಬಾರದು ಎಂದು ಅಪ್ಪ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತ ಹೋದರು. ಪೂರ್ವದ ಜೆಟ್ಟಿಯ ಹತ್ತಿರ ಪೆನ್ಸಿಲ್ ನಿಂತಿತು.

“ಕತ್ತಲಾದ್ಮೇಲೆ ಈ ಕಡೆ ಸುಳೀಲೇಬೇಡಿ.”

“ನಾವು ಅಲ್ಲಿಗೆ ಬರೋದೇ ಏಳಕ್ಕೆ ಅಪ್ಪ. ದೀಪ ಇರುತ್ತಲ್ಲ. ದೀಪ ಇಲ್ದೆ ಲಾಂದ್ರಪ್ಪ ದೋಣಿ ಕೊಡ್ತಾನಾ?”

ಲಾಂದ್ರಪ್ಪ ಎಂದರೆ ದೋಣಿ ಬಾಡಿಗೆಗೆ ಕೊಡುವವನು. ಹೆಸರಿಟ್ಟದ್ದು ಊರು. ಉರಿಬಿಸಿಲಲ್ಲೂ ಗಿರಾಕಿಯ ಕೈಯಿಂದ ಮೂರು ಸಲ ದೀಪ ಹಚ್ಚಿಸಿ, ಆರಿಸಿ ನೋಡದೆ ಹುಟ್ಟು ಕೊಡುವ ಆಸಾಮಿಯಲ್ಲ. ನಾವೂ ನಕ್ಕವರೇ, ಕಾರಣ ಗೊತ್ತಿದ್ದೂ. ಅವನು ಹನ್ನೊಂದು ವರ್ಷದವನಿದ್ದಾಗ, ಒಂದು ರಾತ್ರಿ ತನ್ನ ಅಣ್ಣನ ಜೊತೆ ಅದೇ ಜೆಟ್ಟಿಯ ಬಳಿ ಹೋಗುತ್ತಿದ್ದ ದೋಣಿಗೆ ಲಾಂಚು ಬಡಿಯಿತು. ಅಣ್ಣ ಉಳಿಯಲಿಲ್ಲ. ದೀಪ ಹಚ್ಚುವ ಕೆಲಸ ಇವನದಾಗಿತ್ತು. ಹಚ್ಚಿದ್ದೆ, ಹಚ್ಚಿದ್ದೆ ಎಂದು ಅತ್ತನಂತೆ. ಲಾಂಚು ಓಡಿಸುತ್ತಿದ್ದವರು ಅಪ್ಪ. ದೋಣಿಯಲ್ಲಿ ಬೆಳಕೇ ಇರಲಿಲ್ಲ ಎಂದು ಹೇಳಿಕೆ ಕೊಟ್ಟರು. ವಿಚಾರಣೆ ನಡೆಸಿದವರು ದೊಡ್ಡವರ ಮಾತನ್ನೇ ನಂಬಿದರು. ಮುಂದೆ ಶಾಲೆಯಲ್ಲಿ ಅಪ್ಪನನ್ನು ಕೊಲೆಗಾರ ಎಂದವಳ ಜಡೆ ಹಿಡಿದೆಳೆದು ಬುದ್ಧಿ ಕಲಿಸಿದವಳು ನಾನು.

“ದೀಪ ಇದ್ರೂ ಕಾಣಲ್ಲ,” ಎಂದರು ಅಪ್ಪ. “ಲಾಂಚು ಮೂತಿ ತಿರುಗಿಸುವಾಗ ಜೆಟ್ಟಿ ಬೆಳಕು ಕಣ್ಣಿಗೇ ಹೊಡೆಯುತ್ತೆ. ಅರ್ಧ ನಿಮಿಷ ಏನೂ ಕಾಣಲ್ಲ.”

“ಅಷ್ಟು ದೊಡ್ಡ ದೀಪ ಕಾಣಲ್ವಾ? ನಿಮಗೆ ಹೇಗೆ ಗೊತ್ತು?” ಸುಮ್ಮನೆ ವಾದಕ್ಕೆಂದು ಕೇಳಿದೆ.

“ಆ ಹುಡುಗರ ಹತ್ರ ಇತ್ತಲ್ಲ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ನಕಾಶೆಯಿಂದ ತಲೆ ಎತ್ತಿದೆ.

“ಆಮೇಲೆ ನೋಡ್ದೆ. ಬ್ಯಾಟರಿ ಲಾಂದ್ರ, ಒಳಗೆ ನೀರು ಹೋಗಿರ್ಲಿಲ್ಲ. ತೇಲ್ತಿತ್ತು, ಇನ್ನೂ ಉರೀತಾ. ಕೋಲಲ್ಲಿ ಎಳ್ಕೊಂಡು ಆರಿಸ್ದೆ. ಮುಚ್ಚಳ ಬಿಚ್ಚಿ ನೀರಿಗೆ ಹಾಕ್ದೆ, ಮುಳುಗ್ತು. ನೀನಾಗ ನಾಲ್ಕು ತಿಂಗಳ ಕೂಸು. ಕೆಲಸ ಹೋಗಿದ್ರೆ...”

“ಅದನ್ನ ನನ್ನ ತಲೆಗೆ ಕಟ್ಟಬೇಡಿ!”

ನಾನು ಕಿರುಚಿದ್ದಕ್ಕೆ ಬಾಲ್ಕನಿಯಲ್ಲಿ ಗೂಟಗಳ ಸದ್ದು ನಿಂತಿತು. ಅಪ್ಪನ ಬಗ್ಗೆ ಹೇಸಿಗೆಯಾಯಿತು. ಪೆನ್ಸಿಲ್ ಕೆಳಗಿಡದೆ ಕೂತಿದ್ದ ಅವರನ್ನು ನೋಡಿ ಸಂಕಟವೂ ಆಯಿತು. ಎರಡೂ ಒಟ್ಟಿಗೆ ಆಗಬಹುದೆಂದು ಅದುವರೆಗೆ ನನಗೆ ತಿಳಿದಿರಲಿಲ್ಲ.

“ಅವನಿಗೆ ಹೇಳಿ. ಇವತ್ತೇ. ನಿಮ್ಮ ಕೈಲಾಗದಿದ್ರೆ ನಾನು ಹೇಳ್ತೀನಿ.”

ಅಪ್ಪ ಎದ್ದು ಒಗೆದ ಅಂಗಿ ಹಾಕಿಕೊಂಡು ಬಂದರು.

ಲಾಂದ್ರಪ್ಪ ಅಂಗಡಿಯ ಮುಂದೆ ದೋಣಿಯೊಂದನ್ನು ಮಗುಚಿ ಹಾಕಿ ತಳ ಉಜ್ಜುತ್ತಿದ್ದ. ಅಪ್ಪ ನಿಂತಲ್ಲೇ ಎಲ್ಲವನ್ನೂ ಹೇಳಿದರು. ಜೆಟ್ಟಿಯ ಬೆಳಕು, ತೇಲುತ್ತಿದ್ದ ದೀಪ, ವಿಚಾರಣೆಯಲ್ಲಿ ಆಡಿದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ, ಅವನು ಹೊಡೆಯಲಿ ಎಂಬಂತೆ ಕೈ ಇಳಿಬಿಟ್ಟು ನಿಂತರು. ನಾನೂ ಹೊಡೆತವನ್ನೇ ಕಾಯುತ್ತಿದ್ದೆ.

ಅವನು ಬ್ರಷ್ ಕೆಳಗಿಟ್ಟ. ಒಳಗಿನಿಂದ ಕುರ್ಚಿ ತಂದು ಅಪ್ಪನನ್ನು ಕೂರಿಸಿ ಬೆನ್ನು ಸವರಿದ.

“ಇಲ್ಲ ಯಜಮಾನ್ರೇ. ನಿಮಗೆ ವಯಸ್ಸಾಯ್ತು, ಏನೇನೋ ಅನ್ಸುತ್ತೆ. ನಾನು ಹಚ್ಚಿರ್ಲಿಲ್ಲ. ಹಚ್ಚೋ ಹಚ್ಚೋ ಅಂತ ಅಣ್ಣ ಎರಡು ಸಲ ಹೇಳ್ದ. ನನಗೆ ಚೆನ್ನಾಗಿ ನೆನಪಿದೆ.”

“ಅಪ್ಪ ಹೇಳ್ತಿರೋದು ನಿಜ!” ಎಂದೆ.

ಅವನು ನನ್ನತ್ತ ತಿರುಗಿ ದನಿ ತಗ್ಗಿಸಿದ.

“ಬಯ್ಯಬೇಡಮ್ಮ ಅವರನ್ನ. ನನ್ನಿಂದಾಗಿ ಎಷ್ಟು ವರ್ಷ ಕೊರಗಿದಾರೋ, ಪಾಪ.”