ಕೋಬೆಯ ಮುಂದೆ ಎರಡು ನಿಂಬೆಹಣ್ಣು

“ಸ್ಕೂಟರಿಗೇ ನಿಂಬೆಹಣ್ಣು ಇಡ್ತೀವಿ, ಬಾಂಬ್ ಎತ್ತೋ ಗಾಡಿಗೆ ಬೇಡ್ವೇನೆ?” ಎಂದರು ಅತ್ತೆ. ಸೊಸೆ ಬಾಯಿ ತೆರೆಯುವಷ್ಟರಲ್ಲಿ ರೋಬೋಟಿನ ಎರಡು ಗಾಲಿಗಳ ಮುಂದೆ ಒಂದೊಂದು ಹಣ್ಣಿಟ್ಟು, ಅದರ ನೆತ್ತಿಗೆ ಕುಂಕುಮ ಹಚ್ಚಿಯೂ ಆಗಿತ್ತು.

ಅಪೂರ್ವಾಗೆ ನಗಲು ಪುರುಸೊತ್ತಿರಲಿಲ್ಲ. ಕೋಬೆ, ಅಂದರೆ ಸ್ವಾಹಿಲಿಯಲ್ಲಿ ಆಮೆ, ಅವಳ ಮೂರು ವರ್ಷದ ದುಡಿಮೆ. ಹೋದ ಸಲದ ಪರೀಕ್ಷೆಯಲ್ಲಿ ಅದು ನಕಲಿ ಬಾಂಬಿನ ಮೇಲೇ ಹತ್ತಿ ಹೋಗಿತ್ತು. ಕರೆನ್ ಬಡಾವಣೆಯ ಈ ಬಯಲಿನಲ್ಲಿ ಇವತ್ತೂ ಎಡವಿದರೆ ಇನ್ನೊಂದು ಅವಕಾಶವಿಲ್ಲ. ಬಾಂಬ್ ದಳದ ಇನ್ಸ್‌ಪೆಕ್ಟರ್ ಮೇರಿ ಆಗಲೇ ಕೈಕಟ್ಟಿ ನಿಂತಿದ್ದರು.

“ಸವಾ, ಸರಿ, ಶುರು ಮಾಡಿ,” ಎಂದರು.

ಅಪೂರ್ವಾ ಗುಂಡಿ ಒತ್ತಿದಳು. ಕೋಬೆ ಗುರ್ರೆಂದಿತು, ಕತ್ತು ಬಗ್ಗಿಸಿ ನಿಂಬೆಹಣ್ಣನ್ನು ನೋಡಿತು, ನಿಂತೇಬಿಟ್ಟಿತು. ದಾರಿ ಹುಡುಕಿಕೊಂಡು ಹೋಗುವುದು ಅದರದೇ ಕೆಲಸ. ಗುರುತಿಲ್ಲದ್ದನ್ನು ಮುಟ್ಟಲು ಮಾತ್ರ ಮನುಷ್ಯರ ಅಪ್ಪಣೆ ಬೇಕು. ಟ್ಯಾಬಿನಲ್ಲಿ ಪ್ರಶ್ನೆ ಮೂಡಿತು: ‘ಅಪರಿಚಿತ ವಸ್ತು. ಎತ್ತಲೇ?’

“ಹತ್ತಿಸೇ! ಪಚಕ್ ಅನ್ಬೇಕು!”

“ಹತ್ತಲ್ಲ ಅತ್ತೆ. ಹತ್ತಬಾರ್ದು ಅಂತಾನೇ ಆರು ತಿಂಗಳು ಕಲಿಸಿದೀನಿ.”

“ಅಪಶಕುನ ಕಣೇ! ಹಿಂದಿನಿಂದ ನಾನೇ ತಳ್ಳಲಾ?”

“ದಮ್ಮಯ್ಯ, ಬೇಡಿ!”

“ಅಮ್ಮ ಏನಂತಿದ್ದಾರೆ?” ಎಂದು ಅತ್ತೆಯತ್ತ ನೋಡುತ್ತಾ ಮೇರಿ ಹತ್ತಿರ ಬಂದರು. ಅಪೂರ್ವಾ ಬೆವರುತ್ತಾ ಇಂಗ್ಲಿಷಿನಲ್ಲಿ ದೃಷ್ಟಿಯ ಕಥೆಯನ್ನೆಲ್ಲ ಹೇಳಿದಳು. ಮೇರಿ ನಗಲಿಲ್ಲ. “ಎತ್ತಲಿ ನೋಡೋಣ,” ಎಂದರು.

ಕೋಬೆ ಹಸುಗೂಸನ್ನು ಎತ್ತುವಂತೆ ಹಣ್ಣನ್ನೆತ್ತಿ, ಮರಳುಚೀಲಗಳ ನಡುವಿನ ಗುಂಡಿಗಿಳಿಸಿ, ವಾಪಸು ಬಂದು ಕೇಳಿತು: ‘ಇನ್ನೊಂದು. ಎತ್ತಲೇ?’

“ಇದನ್ನ ಕೊಡಲ್ಲ!” ಎಂದು ಅತ್ತೆ ಆ ಹಣ್ಣನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ದಾರಿ ತೆರವಾಯಿತು. ಕೋಬೆ ಬಯಲಿಡೀ ಮೂಸಿ, ಹುಲ್ಲಲ್ಲಿ ಹೂತಿದ್ದ ನಕಲಿ ಬಾಂಬಿನ ಮುಂದೆ ಗಕ್ಕನೆ ನಿಂತು ಅಪ್ಪಣೆ ಕೇಳಿತು. ಅಪೂರ್ವಾ ‘ಹೂಂ’ ಒತ್ತಿ ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಟ್ಟಾಗ ಬಾಂಬು ಗುಂಡಿಯಲ್ಲಿ, ನಿಂಬೆಹಣ್ಣಿನ ಪಕ್ಕದಲ್ಲೇ ಕೂತಿತ್ತು.

“ನಿಂಬೆಹಣ್ಣಿಗೂ ಹೆದರೋ ಯಂತ್ರ ನಮಗೆ ಬೇಕು,” ಎಂದು ಮೇರಿ ಸಹಿ ಹಾಕಿದರು. “ನಮ್ಮಲ್ಲಿ ಧೈರ್ಯಶಾಲಿಗಳು ಬೇಕಾದಷ್ಟಿದ್ದಾರೆ.”

“ಸಹಿ ಏನೋ ಆಯ್ತು,” ಅತ್ತೆ ಗೊಣಗಿದರು, “ದೃಷ್ಟಿ ಹೋಗ್ಲಿಲ್ವಲ್ಲ.”

“ಹೋಯ್ತು ಬಿಡಿ ಅತ್ತೆ.”

ಅತ್ತೆ ಸೊಂಟ ತಡವಿಕೊಳ್ಳುತ್ತಾ, ಏನೂ ಅರಿಯದವರಂತೆ ಪೊಲೀಸ್ ಜೀಪಿಗೆ ಒಂದು ಸುತ್ತು ಬಂದರು. ಮೇರಿ ಕೈಬೀಸಿ ಹೊರಟರು. ಮುಂದಿನ ಚಕ್ರದ ಕೆಳಗೆ ಪಚಕ್ ಎಂದಿತು.